ಪುರುಷ ಫಲವತ್ತತೆಯ ಮನೆ ಪರೀಕ್ಷೆ: ಯಾವ ಪ್ರಶ್ನೆಗೆ ಎಷ್ಟು ನಿಖರ?

ವೀರ್ಯದ ಗುಣಮಟ್ಟವನ್ನು ಪ್ರಯೋಗಾಲಯಕ್ಕೆ ಹೋಗದೆ ಮನೆಯಲ್ಲೇ ತಿಳಿದುಕೊಳ್ಳಲು ಗಂಡಸರಿಗೆಂದು ಮಾರಾಟವಾಗುವ ಕಿಟ್‌ಗಳು ಕಳೆದ ಎರಡು ದಶಕಗಳಲ್ಲಿ ಹಲವು ಬಗೆಯಲ್ಲಿ ಬಂದಿವೆ. ಗರ್ಭಪರೀಕ್ಷೆಯ ಪಟ್ಟಿಯ ಹಾಗೆ ಬಣ್ಣದ ಗೆರೆ ಮೂಡಿಸುವವು ಕೆಲವು. ಅಂಗೈಯಗಲದ ಯಂತ್ರದಲ್ಲಿ ವೀರ್ಯವನ್ನು ವೇಗವಾಗಿ ತಿರುಗಿಸಿ, ಒಂದೆಡೆ ಒತ್ತೊತ್ತಾಗಿ ಕೂತ ವೀರ್ಯಾಣುಗಳ ಎತ್ತರವನ್ನು ಅಳೆಯುವವು ಕೆಲವು. ಮೊಬೈಲ್ ಫೋನಿನ ಕ್ಯಾಮೆರಾಕ್ಕೆ ಪುಟ್ಟ ಮಸೂರ ಜೋಡಿಸಿ, ಈಜುವ ವೀರ್ಯಾಣುಗಳ ವಿಡಿಯೊ ತೆಗೆದು ಲೆಕ್ಕ ಹಾಕುವವು ಇತ್ತೀಚಿನವು. ಇವುಗಳ ಡಬ್ಬಿಯ ಮೇಲೆ ಸಾಮಾನ್ಯವಾಗಿ ಶೇ. 95ಕ್ಕೂ ಮೇಲಿನ ನಿಖರತೆಯ ಅಂಕಿಯೊಂದು ಅಚ್ಚಾಗಿರುತ್ತದೆ. ಆ ಅಂಕಿ ಬಹುಮಟ್ಟಿಗೆ ಪ್ರಾಮಾಣಿಕವಾದದ್ದೇ. ಅದರ ಹಿಂದೆ ಪ್ರಕಟಿತ ಸಂಶೋಧನೆಗಳೂ ಇವೆ. ಆದರೆ ಕಿಟ್ ಕೊಳ್ಳುವವನು ಕೇಳುವ ಪ್ರಶ್ನೆ ‘ನನ್ನಿಂದ ಮಗು ಆಗುತ್ತದೆಯೇ?’ ಎಂಬುದು. ಕಿಟ್ ಉತ್ತರಿಸುವ ಪ್ರಶ್ನೆ ‘ಇವತ್ತಿನ ಈ ಮಾದರಿಯಲ್ಲಿ ಒಂದು ಮಿಲಿಲೀಟರಿಗೆ ಇಂತಿಷ್ಟು ಕೋಟಿಗಿಂತ ಹೆಚ್ಚು ವೀರ್ಯಾಣುಗಳಿವೆಯೇ?’ ಎಂಬುದು. ಎರಡನೆಯದಕ್ಕೆ ಶೇ. 96 ಸರಿಯಾದ ಉತ್ತರ ಕೊಡುವ ಕಿಟ್ ಮೊದಲನೆಯದಕ್ಕೆ ಅದೇ ಪ್ರಮಾಣದಲ್ಲಿ ಸರಿಯಿರುತ್ತದೆ ಎಂದು ನಂಬಲು ಯಾವ ಆಧಾರವೂ ಇಲ್ಲ. ಈ ಅಂತರ ಎಷ್ಟು, ಅದರಿಂದ ಯಾರಿಗೆ ತೊಂದರೆ ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಪ್ರಯೋಗಾಲಯದ ವೀರ್ಯ ಪರೀಕ್ಷೆಯಲ್ಲಿ ಏನೇನು ನೋಡುತ್ತಾರೆ ಎಂಬುದು ಗೊತ್ತಿದ್ದರೆ ಕಿಟ್ ಏನನ್ನು ಬಿಡುತ್ತದೆ ಎಂಬುದು ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಈ ಪರೀಕ್ಷೆಗೆಂದೇ ಒಂದು ಕೈಪಿಡಿ ಹೊರತಂದಿತು. ಅದರ ಆರನೆಯ ಆವೃತ್ತಿ 2021ರಲ್ಲಿ ಬಂದಿದೆ. ಅದರ ಪ್ರಕಾರ ಎರಡರಿಂದ ಏಳು ದಿನ ಸ್ಖಲನವಿಲ್ಲದೆ ಇದ್ದು ಮಾದರಿ ಕೊಡಬೇಕು. ಗಟ್ಟಿಯಾಗಿರುವ ವೀರ್ಯ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನೀರಾಗುತ್ತದೆ. ಆಮೇಲೆ ಅದರ ಪ್ರಮಾಣ, ಪ್ರತಿ ಮಿಲಿಲೀಟರಿನಲ್ಲಿರುವ ವೀರ್ಯಾಣುಗಳ ಸಂಖ್ಯೆ, ಒಟ್ಟು ಸಂಖ್ಯೆ, ಅವುಗಳಲ್ಲಿ ಚಲಿಸುವವು ಎಷ್ಟು, ಮುಂದಕ್ಕೆ ಈಜುವವು ಎಷ್ಟು, ಜೀವಂತವಾಗಿರುವವು ಎಷ್ಟು, ಸರಿಯಾದ ಆಕಾರದವು ಎಷ್ಟು ಎಂಬುದನ್ನೆಲ್ಲ ನೋಡುತ್ತಾರೆ. 2021ರ ಕೈಪಿಡಿ ಕೊಡುವ ಕೆಳಮಿತಿಗಳು ಹೀಗಿವೆ: ಪ್ರಮಾಣ 1.4 ಮಿಲಿಲೀಟರ್, ಸಾಂದ್ರತೆ ಮಿಲಿಲೀಟರಿಗೆ 1.6 ಕೋಟಿ, ಒಟ್ಟು ಸಂಖ್ಯೆ 3.9 ಕೋಟಿ, ಚಲಿಸುವವು ಶೇ. 42, ಮುಂದಕ್ಕೆ ಈಜುವವು ಶೇ. 30, ಸರಿಯಾದ ಆಕಾರದವು ಶೇ. 4. (ಲ್ಯಾಬಿನ ವರದಿಯಲ್ಲಿ 16 ಮಿಲಿಯನ್ ಎಂದಿದ್ದರೆ ಅದು 1.6 ಕೋಟಿ.) ಈ ಮಿತಿಗಳು ಬಂದ ಬಗೆಯನ್ನು ಗಮನಿಸಬೇಕು. ಹೆಂಡತಿ ಒಂದು ವರ್ಷದೊಳಗೆ ಗರ್ಭಿಣಿಯಾದ ಗಂಡಸರ ವೀರ್ಯವನ್ನು ಹಲವು ದೇಶಗಳಲ್ಲಿ ಪರೀಕ್ಷಿಸಿ, ಅಂಕಿಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸಿ, ಅತಿ ಕೆಳಗಿನ ಶೇ. 5 ಜನ ಮುಗಿಯುವ ಜಾಗದಲ್ಲಿ ಗೆರೆ ಎಳೆದಿದ್ದಾರೆ. ಅಂದರೆ ಆ ಗೆರೆಯ ಕೆಳಗಿದ್ದ ಶೇ. 5 ಜನರೂ ತಂದೆಯರೇ. ಗೆರೆಯ ಮೇಲಿದ್ದು ಮಕ್ಕಳಾಗದವರು ಈ ಲೆಕ್ಕದಲ್ಲಿ ಬರಲೇ ಇಲ್ಲ. ಈ ಗೆರೆ ಫಲವಂತರನ್ನೂ ಅಲ್ಲದವರನ್ನೂ ಬೇರ್ಪಡಿಸುವುದಿಲ್ಲ ಎಂದು ಕೈಪಿಡಿಯೇ ಸ್ಪಷ್ಟವಾಗಿ ಹೇಳುತ್ತದೆ.

ಗೆರೆ ಸ್ಥಿರವಾಗಿಯೂ ಇರಲಿಲ್ಲ. 1929ರಲ್ಲಿ ಅಮೆರಿಕದ ಮಕೋಂಬರ್ ಮತ್ತು ಸ್ಯಾಂಡರ್ಸ್ ಮಿಲಿಲೀಟರಿಗೆ 6 ಕೋಟಿಗಿಂತ ಕಡಿಮೆಯಾದರೆ ಕಡಿಮೆ ಎಂದರು. 1951ರಲ್ಲಿ ಜಾನ್ ಮೆಕ್ಲಾಯ್ಡ್ ಮತ್ತು ರೂತ್ ಗೋಲ್ಡ್ ಮಕ್ಕಳಿರುವ ಮತ್ತು ಇಲ್ಲದ ತಲಾ ಸಾವಿರ ದಂಪತಿಗಳ ಗಂಡಂದಿರನ್ನು ಹೋಲಿಸಿದ ಮೇಲೆ 2 ಕೋಟಿಯ ಗೆರೆ ರೂಢಿಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಉಳಿಸಿಕೊಂಡು ಬಂದು, 2010ರಲ್ಲಿ 1.5 ಕೋಟಿಗೆ ಇಳಿಸಿತು, 2021ರಲ್ಲಿ 1.6 ಕೋಟಿ ಮಾಡಿತು. ಈ ನಡುವೆ ಗಂಡಸರ ದೇಹ ಬದಲಾಗಿದ್ದರಿಂದ ಗೆರೆ ಸರಿಯಿತು ಎಂದುಕೊಳ್ಳಬೇಕಿಲ್ಲ. ಗೆರೆ ಎಳೆಯುವ ವಿಧಾನ ಬದಲಾಯಿತು. ಗೆರೆಗೂ ಮಗುವಾಗುವುದಕ್ಕೂ ಇರುವ ಸಂಬಂಧವನ್ನು ನೇರವಾಗಿ ಪರಿಶೀಲಿಸಿದ ಎರಡು ಅಧ್ಯಯನಗಳು ಇಲ್ಲಿ ಮುಖ್ಯ. ಡೆನ್ಮಾರ್ಕಿನಲ್ಲಿ ಮೊದಲ ಮಗುವಿಗಾಗಿ ಪ್ರಯತ್ನಿಸುತ್ತಿದ್ದ 430 ದಂಪತಿಗಳನ್ನು ಹಿಂಬಾಲಿಸಿದ ಬೊಂಡೆ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದಂತೆ, ಸಾಂದ್ರತೆ 4 ಕೋಟಿ ಮುಟ್ಟುವವರೆಗೂ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತಲೇ ಹೋಗುತ್ತದೆ. ಹಾಗಾದರೆ 1.7 ಕೋಟಿಯವನೂ 3.9 ಕೋಟಿಯವನೂ ಒಂದೇ ‘ನಾರ್ಮಲ್’ ಪೆಟ್ಟಿಗೆಯಲ್ಲಿ ಸೇರುವುದು ಮಾಹಿತಿಯನ್ನು ಕಳೆದುಕೊಂಡಂತೆ. ಅಮೆರಿಕದಲ್ಲಿ ಗುಝಿಕ್ ಮತ್ತು ಸಂಗಡಿಗರು ಮಕ್ಕಳಾಗದ 765 ದಂಪತಿಗಳನ್ನೂ ಮಕ್ಕಳಿರುವ 696 ದಂಪತಿಗಳನ್ನೂ ಹೋಲಿಸಿ 2001ರಲ್ಲಿ ಒಂದರ ಬದಲು ಎರಡು ಗೆರೆ ಎಳೆದರು: ಸಾಂದ್ರತೆ 1.35 ಕೋಟಿಗಿಂತ ಕಡಿಮೆಯಾದರೆ ಫಲವತ್ತತೆ ಕಡಿಮೆ, 4.8 ಕೋಟಿಗಿಂತ ಹೆಚ್ಚಾದರೆ ಚೆನ್ನಾಗಿದೆ, ನಡುವಿನದು ಅನಿಶ್ಚಿತ. ಇಷ್ಟಾದರೂ ಎರಡು ಗುಂಪುಗಳ ಅಂಕಿಗಳು ಒಂದರ ಮೇಲೊಂದು ಬಹಳವಾಗಿ ಹಾಸಿಕೊಂಡಿದ್ದವು. ಸಾಂದ್ರತೆಯಾಗಲಿ ಚಲನೆಯಾಗಲಿ ಆಕಾರವಾಗಲಿ, ಯಾವುದೊಂದೂ ಬಂಜೆತನವನ್ನು ಖಚಿತಪಡಿಸಲಾರದು ಎಂಬುದೇ ಅವರ ತೀರ್ಮಾನ.

ಗರ್ಭಪರೀಕ್ಷೆಯ ಪಟ್ಟಿಯ ಮೇಲೆ ಜನ ಇಟ್ಟಿರುವ ನಂಬಿಕೆ ಈ ಕಿಟ್‌ಗಳಿಗೂ ಹರಿದುಬಂದಿದೆ. ಆದರೆ ಎರಡರ ಸ್ವಭಾವ ಬೇರೆ. ಗರ್ಭ ನಿಂತಾಗ ಮೂತ್ರದಲ್ಲಿ ಎಚ್‌ಸಿಜಿ ಹಾರ್ಮೋನು ಕೆಲವೇ ದಿನಗಳಲ್ಲಿ ನೂರಾರು ಪಟ್ಟು ಏರುತ್ತದೆ. ಗರ್ಭವಿಲ್ಲದವರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹೌದು, ಇಲ್ಲಗಳ ನಡುವೆ ವಿಶಾಲವಾದ ಖಾಲಿ ಜಾಗವಿದೆ, ಪಟ್ಟಿಯ ಗೆರೆ ಆ ಖಾಲಿ ಜಾಗದಲ್ಲಿ ಬೀಳುತ್ತದೆ. ವೀರ್ಯಾಣುಗಳ ಸಾಂದ್ರತೆಯಲ್ಲಿ ಅಂಥ ಖಾಲಿ ಜಾಗವೇ ಇಲ್ಲ. ಸೊನ್ನೆಯಿಂದ ಹತ್ತಿಪ್ಪತ್ತು ಕೋಟಿಯವರೆಗೆ ಎಲ್ಲ ಮಟ್ಟದಲ್ಲೂ ಗಂಡಸರಿದ್ದಾರೆ. ಗೆರೆಯನ್ನು ಎಲ್ಲಿ ಎಳೆದರೂ ಅದರ ಎರಡೂ ಬದಿಯಲ್ಲಿ ಜನ ಒತ್ತಾಗಿ ನಿಂತಿರುತ್ತಾರೆ. ತಪ್ಪುಗಳು ಹುಟ್ಟುವುದು ಅಲ್ಲೇ.

ಕಿಟ್‌ಗಳ ಕೆಲಸದ ಬಗೆ ಮತ್ತು ಪ್ರಕಟವಾದ ಅಂಕಿಗಳನ್ನು ಈ ಬೆಳಕಿನಲ್ಲಿ ನೋಡಬಹುದು. ‘ಸ್ಪರ್ಮ್‌ಚೆಕ್’ ಎಂಬ ಪಟ್ಟಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಹೆರ್ ಅವರ ಪ್ರಯೋಗಾಲಯದ ಸಂಶೋಧನೆಯಿಂದ ಬಂದದ್ದು. ವೀರ್ಯಾಣುವಿನ ತಲೆಯ ಟೊಪ್ಪಿಗೆಯಂಥ ಭಾಗದಲ್ಲಿರುವ ಎಸ್‌ಪಿ-10 ಎಂಬ ಪ್ರೋಟೀನನ್ನು ಅದು ಪ್ರತಿಕಾಯಗಳ ಮೂಲಕ ಹಿಡಿಯುತ್ತದೆ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 225 ಮಾದರಿಗಳ ಮೇಲೆ ಅದರ ಒಟ್ಟಾರೆ ನಿಖರತೆ ಶೇ. 96 ಎಂದು ಬಂತು. ಗೆರೆ ಇದ್ದದ್ದು 2 ಕೋಟಿಯಲ್ಲಿ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ತನ್ನ ಗೆರೆಯನ್ನು 1.5 ಕೋಟಿಗೆ ಇಳಿಸಿದ್ದರಿಂದ, 1.8 ಕೋಟಿಯ ಗಂಡಸು ಪಟ್ಟಿಯಲ್ಲಿ ‘ಕಡಿಮೆ’ ಆಗಿ ಕೈಪಿಡಿಯಲ್ಲಿ ಮಿತಿಯೊಳಗಿದ್ದ. ಸತ್ತ ವೀರ್ಯಾಣುವಿನಲ್ಲೂ ಆ ಪ್ರೋಟೀನು ಇರುತ್ತದಾದ್ದರಿಂದ ಸತ್ತದ್ದು, ಬದುಕಿದ್ದು, ಈಜುವಂಥದ್ದು ಎಂಬ ಭೇದ ಪಟ್ಟಿಗೆ ಗೊತ್ತಾಗುವುದಿಲ್ಲ. ಕ್ಯಾಲಿಫೋರ್ನಿಯಾದ ಕಂಪನಿಯೊಂದು ತಯಾರಿಸಿದ ‘ಟ್ರ್ಯಾಕ್’ ತಿರುಗುವ ಯಂತ್ರದ ಬಗೆಯದು. ಇದರಲ್ಲಿ 1.5 ಕೋಟಿ ಮತ್ತು 5.5 ಕೋಟಿಯ ಎರಡು ಗೆರೆಗಳಿದ್ದವು. ಎರಡನೆಯದು ಗರ್ಭ ನಿಲ್ಲಲು ಹಿಡಿಯುವ ಕಾಲದ ಮೇಲಿನ ಅಧ್ಯಯನಗಳನ್ನು ಆಧರಿಸಿದ್ದು. 2017ರಲ್ಲಿ ಪ್ರಕಟವಾದ ಅದರ ಅಧ್ಯಯನದ ಒಂದು ಗುಣ ಮೆಚ್ಚುವಂಥದ್ದು: ತಜ್ಞರ ಬದಲು 239 ಸಾಮಾನ್ಯ ಬಳಕೆದಾರರ ಕೈಗೆ ಅದನ್ನು ಕೊಟ್ಟು ನೋಡಿದರು. 1.5 ಕೋಟಿಯೊಳಗಿನ ಗುಂಪಿನಲ್ಲಿ ಶೇ. 93.3, 5.5 ಕೋಟಿಗೆ ಮೇಲ್ಪಟ್ಟ ಗುಂಪಿನಲ್ಲಿ ಶೇ. 95.5, ನಡುವಿನ ಗುಂಪಿನಲ್ಲಿ ಮಾತ್ರ ಶೇ. 82.4 ಫಲಿತಾಂಶಗಳು ಪ್ರಯೋಗಾಲಯದೊಂದಿಗೆ ಹೊಂದಿದವು. ಎರಡೂ ಕಡೆ ಗೆರೆಯಿರುವ ನಡುವಿನ ಗುಂಪಿನಲ್ಲೇ ತಪ್ಪು ಹೆಚ್ಚಾದದ್ದು ಆಕಸ್ಮಿಕವಲ್ಲ. ಗೆರೆಯಿಂದ ದೂರವಿರುವ ಮಾದರಿಗಳನ್ನು, ಅಂದರೆ 50 ಲಕ್ಷದ್ದನ್ನೂ 10 ಕೋಟಿಯದನ್ನೂ, ಯಾವ ಕಿಟ್ ಬೇಕಾದರೂ ಸರಿಯಾಗಿ ವಿಂಗಡಿಸುತ್ತದೆ. ಅಧ್ಯಯನದಲ್ಲಿ ಅಂಥವು ಎಷ್ಟು ಹೆಚ್ಚೋ ಒಟ್ಟಾರೆ ನಿಖರತೆಯ ಅಂಕಿಯೂ ಅಷ್ಟು ಎತ್ತರ. ಸಂದೇಹ ನಿಜವಾಗಿ ಇರುವ ಗಂಡಸಿಗೆ, ಗೆರೆಯ ಆಸುಪಾಸಿನವನಿಗೆ, ಆ ಎತ್ತರದ ಅಂಕಿ ಅನ್ವಯಿಸುವುದಿಲ್ಲ.

ಪರೀಕ್ಷೆ ಮಾಡಿಸಿಕೊಳ್ಳುವವರು ಯಾರು ಎಂಬುದರ ಮೇಲೂ ಫಲಿತಾಂಶದ ಬೆಲೆ ನಿಂತಿದೆ. ಇದನ್ನು ಸರಳ ಲೆಕ್ಕದಲ್ಲೇ ತೋರಿಸಬಹುದು. ಒಂದು ಕಿಟ್ ಕಡಿಮೆ ಇರುವವರಲ್ಲಿ ಶೇ. 95 ಜನರನ್ನು ಹಿಡಿಯುತ್ತದೆ, ಸರಿಯಿರುವವರಲ್ಲಿ ಶೇ. 95 ಜನರನ್ನು ಸರಿಯೆನ್ನುತ್ತದೆ ಎಂದಿಟ್ಟುಕೊಳ್ಳೋಣ. ಯಾವ ತೊಂದರೆಯೂ ಇಲ್ಲದೆ, ಬರೀ ಕುತೂಹಲಕ್ಕೆ 2,000 ಗಂಡಸರು ಅದನ್ನು ಬಳಸಿದರು, ಅವರಲ್ಲಿ ಶೇ. 5 ಅಂದರೆ 100 ಜನರ ಸಾಂದ್ರತೆ ನಿಜವಾಗಿಯೂ ಕಡಿಮೆ ಎನ್ನೋಣ. ಆ ನೂರರಲ್ಲಿ 95 ಜನಕ್ಕೆ ‘ಕಡಿಮೆ’ ಎಂಬ ಉತ್ತರ ಸಿಗುತ್ತದೆ. ಉಳಿದ 1,900 ಜನರಲ್ಲಿ ಶೇ. 5, ಅಂದರೆ ಮತ್ತೆ 95 ಜನಕ್ಕೆ, ತಪ್ಪಾಗಿ ‘ಕಡಿಮೆ’ ಎಂಬ ಉತ್ತರ. ‘ಕಡಿಮೆ’ ಎಂದು ಓದಿ ಕಂಗೆಟ್ಟವರಲ್ಲಿ ಅರ್ಧ ಜನರಿಗೆ ಏನೂ ಆಗಿಲ್ಲ. ಅದೇ ಕಿಟ್ಟನ್ನು ವರ್ಷಗಟ್ಟಲೆ ಮಗುವಿಗಾಗಿ ಕಾದ, ಶೇ. 40 ಜನರಲ್ಲಿ ನಿಜವಾಗಿಯೂ ಸಾಂದ್ರತೆ ಕಡಿಮೆಯಿರುವ 2,000 ಗಂಡಸರು ಬಳಸಿದರೆ ‘ಕಡಿಮೆ’ ಎಂದು ಬಂದ 820 ಜನರಲ್ಲಿ 760 ಮಂದಿಗೆ ಅದು ನಿಜ. ಆದರೆ 40 ಜನರು ತಪ್ಪಾಗಿ ‘ಸರಿಯಿದೆ’ ಎಂಬ ಉತ್ತರ ಹಿಡಿದು ಮನೆಯಲ್ಲೇ ಉಳಿಯುತ್ತಾರೆ. ಕಿಟ್ ಒಂದೇ, ಡಬ್ಬಿಯ ಮೇಲಿನ ಶೇಕಡಾ ಒಂದೇ. ಒಂದು ಗುಂಪಿನಲ್ಲಿ ಅದು ಇಲ್ಲದ ಭಯ ಹುಟ್ಟಿಸುತ್ತದೆ, ಇನ್ನೊಂದರಲ್ಲಿ ಇರಬೇಕಾದ ಎಚ್ಚರವನ್ನು ಅಳಿಸುತ್ತದೆ.

ಇದಿಷ್ಟೂ ಸಾಂದ್ರತೆಯೊಂದರ ಮಾತು. ಸಾಂದ್ರತೆ ಸರಿಯಾಗಿ ತಿಳಿದರೂ ಅದು ಅರ್ಧ ಉತ್ತರ. ಮಿಲಿಲೀಟರಿಗೆ 1.8 ಕೋಟಿ ಇದ್ದು ವೀರ್ಯದ ಪ್ರಮಾಣ ಬರೀ 0.8 ಮಿಲಿಲೀಟರ್ ಇದ್ದರೆ ಒಟ್ಟು ವೀರ್ಯಾಣುಗಳು 1.44 ಕೋಟಿ, ಕೈಪಿಡಿಯ 3.9 ಕೋಟಿಗೆ ಬಹಳ ಕೆಳಗೆ. ಮಿಲಿಲೀಟರಿಗೆ 1.2 ಕೋಟಿಯೇ ಇದ್ದು ಪ್ರಮಾಣ 4.5 ಮಿಲಿಲೀಟರ್ ಇದ್ದರೆ ಒಟ್ಟು 5.4 ಕೋಟಿ. 1.5 ಕೋಟಿಯ ಗೆರೆಯಿರುವ ಕಿಟ್ ಮೊದಲನೆಯವನನ್ನು ಸರಿಯೆಂದೂ ಎರಡನೆಯವನನ್ನು ಕಡಿಮೆಯೆಂದೂ ಹೇಳುತ್ತದೆ. ಪ್ರಮಾಣ ಕಡಿಮೆಯಿರುವುದೇ ಒಂದು ಸುಳಿವು: ವೀರ್ಯನಾಳ ಹುಟ್ಟಿನಿಂದಲೇ ಇಲ್ಲದಿರುವುದು, ಸ್ಖಲನನಾಳ ಕಟ್ಟಿಕೊಂಡಿರುವುದು, ವೀರ್ಯ ಮೂತ್ರಕೋಶಕ್ಕೆ ಹಿಮ್ಮುಖವಾಗಿ ಹೋಗುವುದು ಮೊದಲಾದವನ್ನು ವೈದ್ಯರು ಊಹಿಸುವುದು ಅದರಿಂದ. ಇನ್ನು ಮಿಲಿಲೀಟರಿಗೆ 6 ಕೋಟಿ ವೀರ್ಯಾಣುಗಳಿದ್ದು ನೂರಕ್ಕೆ ಹತ್ತು ಮಾತ್ರ ಚಲಿಸುವ ಗಂಡಸಿಗೆ ಪಟ್ಟಿ ನಿಚ್ಚಳವಾದ ಗೆರೆ ಮೂಡಿಸಿ ಕಳಿಸಿಬಿಡುತ್ತದೆ. ಇನ್ನೊಂದು ಕೊರತೆ ಇದಕ್ಕಿಂತ ಗಂಭೀರ. ‘ಗೆರೆಗಿಂತ ಕಡಿಮೆ’ ಎಂಬ ಒಂದೇ ಉತ್ತರದಲ್ಲಿ 1.4 ಕೋಟಿಯೂ ಇದೆ, ಸೊನ್ನೆಯೂ ಇದೆ. ವೀರ್ಯದಲ್ಲಿ ವೀರ್ಯಾಣುವೇ ಇಲ್ಲದ ಸ್ಥಿತಿ ಗಂಡಸರಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿ, ಮಕ್ಕಳಾಗದೆ ಚಿಕಿತ್ಸೆಗೆ ಬಂದ ಗಂಡಸರಲ್ಲಿ ನೂರಕ್ಕೆ 10ರಿಂದ 15 ಜನರಲ್ಲಿ ಕಾಣುತ್ತದೆ. ಪ್ರಯೋಗಾಲಯದಲ್ಲಿ ಹಾಗೆ ಕಂಡರೆ ಮಾದರಿಯನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳದಲ್ಲಿ ಒಂದೆರಡಾದರೂ ಇವೆಯೇ ಎಂದು ಹುಡುಕುತ್ತಾರೆ. ಆಮೇಲೆ ಹಾರ್ಮೋನುಗಳ ಪರೀಕ್ಷೆ, ವರ್ಣತಂತುಗಳ ಪರೀಕ್ಷೆ, ವೈ ವರ್ಣತಂತುವಿನಲ್ಲಿ ತುಣುಕುಗಳು ಬಿಟ್ಟುಹೋಗಿವೆಯೇ ಎಂಬ ಪರೀಕ್ಷೆ ನಡೆಯುತ್ತವೆ. ದಾರಿ ಕಟ್ಟಿಕೊಂಡದ್ದಾದರೆ ಒಂದು ಚಿಕಿತ್ಸೆ, ವೃಷಣದಲ್ಲೇ ಉತ್ಪಾದನೆ ನಿಂತದ್ದಾದರೆ ಬೇರೆಯೇ ಹಾದಿ. ವೈದ್ಯರು ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಗೂ ಮನೆಯಲ್ಲಿ ಬದಲಿಯಿಲ್ಲ. ವೃಷಣದ ರಕ್ತನಾಳಗಳು ಉಬ್ಬಿಕೊಳ್ಳುವ ವೇರಿಕೋಸೀಲ್, ವೃಷಣದೊಳಗಿನ ಗಂಟು ಇಂಥವು ಹೊರಬೀಳುವುದು ಆಗಲೇ. ಫಲವತ್ತತೆ ಕಡಿಮೆಯಿರುವ ಗಂಡಸರಲ್ಲಿ ವೃಷಣದ ಕ್ಯಾನ್ಸರಿನ ಸಾಧ್ಯತೆ ತುಸು ಹೆಚ್ಚು ಎಂಬುದು ಗೊತ್ತಿರುವ ಸಂಗತಿ. ಜಿಮ್ಮಿಗೆ ಹೋಗುವವರು ಮೈಕಟ್ಟಿಗೆಂದು ಚುಚ್ಚಿಸಿಕೊಳ್ಳುವ ಟೆಸ್ಟೊಸ್ಟೆರೋನ್ ವೀರ್ಯಾಣುಗಳ ಉತ್ಪಾದನೆಯನ್ನು ಅಡಗಿಸುತ್ತದೆ ಎಂಬುದನ್ನು ಕೇಳಿ ತಿಳಿಯುವವರು ವೈದ್ಯರೇ ಹೊರತು ಕಿಟ್ ಅಲ್ಲ.

ಚಲನೆಯನ್ನೂ ಅಳೆಯುವ ಮೊಬೈಲ್ ಕಿಟ್‌ಗಳು ಬಂದ ಮೇಲೆ ಈ ಆಕ್ಷೇಪ ಹಳತಾಯಿತು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ ಹಾದಿ ಶಫೀ ಅವರ ತಂಡ 2017ರಲ್ಲಿ ಪ್ರಕಟಿಸಿದ ಫೋನ್ ಸಾಧನದ ಭಾಗಗಳ ಬೆಲೆ 5 ಡಾಲರಿಗಿಂತ ಕಡಿಮೆ. ಸಾಂದ್ರತೆ ಮತ್ತು ಚಲನೆ ಎರಡನ್ನೂ ಅಳೆಯುವ ಅದು 350 ಮಾದರಿಗಳಲ್ಲಿ ಸುಮಾರು ಶೇ. 98 ನಿಖರತೆ ತೋರಿತು. ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಇಂಥ ಸಾಧನ ನಿಜಕ್ಕೂ ದೊಡ್ಡ ನೆರವಾಗಬಲ್ಲದು. ಮಾರುಕಟ್ಟೆಗೆ ಬಂದ ‘ಯೋ’ ಎಂಬ ಕಿಟ್ ಚಲಿಸುವ ವೀರ್ಯಾಣುಗಳ ಸಾಂದ್ರತೆಯನ್ನು ಹೇಳುತ್ತದೆ. ಅದರ ಗೆರೆ ಮಿಲಿಲೀಟರಿಗೆ 60 ಲಕ್ಷ: 2010ರ ಕೈಪಿಡಿಯ 1.5 ಕೋಟಿಯನ್ನು ಶೇ. 40ರ ಚಲನೆಯಿಂದ ಗುಣಿಸಿದರೆ ಸಿಗುವ ಸಂಖ್ಯೆ. ಸಾಂದ್ರತೆಯೊಂದಕ್ಕಿಂತ ಇದು ಖಂಡಿತ ಉತ್ತಮ ಅಳತೆ. ಆದರೂ ಎರಡು ಮಾತು ಹೇಳಬೇಕು. 2018ರಲ್ಲಿ ಪ್ರಕಟವಾದ ಅದರ ಅಧ್ಯಯನದಲ್ಲಿ ಹೋಲಿಕೆಗೆ ಬಳಸಿದ್ದು ‘ಯೋ’ ತಯಾರಿಸುವ ಕಂಪನಿಯೇ ಪ್ರಯೋಗಾಲಯಗಳಿಗೆಂದು ತಯಾರಿಸುವ ಯಂತ್ರವನ್ನು. ಒಂದೇ ಮನೆಯ ಎರಡು ಯಂತ್ರಗಳು ಒಪ್ಪಿಕೊಂಡವು ಎಂಬುದು ಉಪಯುಕ್ತ ಸಾಕ್ಷ್ಯವೇ ಆದರೂ ಕೊನೆಯ ಸಾಕ್ಷ್ಯವಲ್ಲ. ಎರಡನೆಯದಾಗಿ, ಗುಣಾಕಾರದಿಂದ ಬಂದ ಒಂದು ಸಂಖ್ಯೆ ಕಾರಣವನ್ನು ಮುಚ್ಚುತ್ತದೆ. ಸಂಖ್ಯೆ ಕಡಿಮೆಯೋ ಚಲನೆ ಕಡಿಮೆಯೋ ಎಂಬುದರ ಮೇಲೆ ಮುಂದಿನ ತಪಾಸಣೆ ನಿಂತಿರುವಾಗ ‘ಕಡಿಮೆ’ ಎಂಬ ಮಾತಷ್ಟೇ ಕೈಗೆ ಸಿಗುತ್ತದೆ. ಅಮೆರಿಕದ ಎಫ್‌ಡಿಎ ಅನುಮತಿ ಪಡೆದಿದೆ ಎಂಬ ಸಾಲನ್ನೂ ಇದೇ ಎಚ್ಚರದಿಂದ ಓದಬೇಕು. ಇಂಥ ಸಾಧನಗಳಿಗೆ ಅನುಮತಿ ಸಿಗುವುದು ಸಾಮಾನ್ಯವಾಗಿ ಹಿಂದೆ ಒಪ್ಪಿಗೆಯಾದ ಇನ್ನೊಂದು ಸಾಧನಕ್ಕೆ ಸರಿಸಮ ಎಂದು ತೋರಿಸಿದ ಮೇಲೆ. ಹೇಳಿದ್ದನ್ನು ಅದು ಅಳೆಯುತ್ತದೆ ಎಂಬುದಕ್ಕೆ ಆ ಅನುಮತಿ ಪುರಾವೆ. ಮಗುವಾಗುತ್ತದೆ ಎಂದು ಮುನ್ಸೂಚಿಸುತ್ತದೆ ಎಂಬುದಕ್ಕಲ್ಲ.

ಅಳೆಯುವ ಸಾಧನ ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ಅಳೆಯುವುದು ಒಂದು ದಿನದ ವೀರ್ಯವನ್ನು. ಒಂದು ದಿನದ ಮಳೆ ಅಳೆದು ಮುಂಗಾರು ಹೇಗಿತ್ತೆಂದು ಹೇಳಲಾಗದು. ಅದೇ ಮಾತು ಇಲ್ಲಿಯೂ ಸಲ್ಲುತ್ತದೆ. ಒಬ್ಬನೇ ಗಂಡಸಿನ ಸಾಂದ್ರತೆ ವಾರದಿಂದ ವಾರಕ್ಕೆ ಎರಡು ಮೂರು ಪಟ್ಟು ಏರಿಳಿಯುವುದು ಅಪರೂಪವಲ್ಲ. ವೀರ್ಯಾಣುವೊಂದು ಹುಟ್ಟಿ ಬಲಿಯಲು ಎರಡೂವರೆ ತಿಂಗಳು ಬೇಕಾಗುವುದರಿಂದ, ಯಾವಾಗಲೋ ಬಂದು ಹೋದ ಡೆಂಗಿ ಜ್ವರದ ಪರಿಣಾಮ ಎರಡು ತಿಂಗಳ ನಂತರದ ಮಾದರಿಯಲ್ಲಿ ಕಾಣಬಹುದು. ವೈದ್ಯರು ಒಂದು ವರದಿ ಕೆಟ್ಟದಾಗಿ ಬಂದರೆ ಇನ್ನೊಂದನ್ನು ಕೇಳುವುದು ಇದಕ್ಕೇ. ಮಾದರಿ ಹಿಡಿಯುವುದರಲ್ಲಿ ಆಗುವ ತಪ್ಪುಗಳೂ ಇವೆ. ಸ್ಖಲನದ ಮೊದಲ ಹನಿಗಳಲ್ಲೇ ಬಹುಪಾಲು ವೀರ್ಯಾಣುಗಳಿರುತ್ತವೆ. ಅದು ಪಾತ್ರೆಯ ಹೊರಗೆ ಬಿದ್ದರೆ ಫಲಿತಾಂಶವೇ ತಲೆಕೆಳಗು. ಸಾಮಾನ್ಯ ಕಾಂಡೋಮಿನಲ್ಲಿ ಹಿಡಿದ ವೀರ್ಯದಲ್ಲಿ ಚಲನೆ ಕುಗ್ಗುತ್ತದೆ, ಜಾರುವಿಕೆಗೆ ಬಳಸುವ ಜೆಲ್‌ಗಳಿಂದಲೂ ಹಾಗೆಯೇ. ವೀರ್ಯ ನೀರಾಗುವ ಮುನ್ನವೇ ಹೀರಿಕೊಂಡರೆ, ಚೆನ್ನಾಗಿ ಕದಡದೆ ಹನಿ ತೆಗೆದರೆ, ಗಡಿಯಾರ ನೋಡದೆ ಗೆರೆ ಓದಿದರೆ ಉತ್ತರ ಬದಲಾಗುತ್ತದೆ. ಲ್ಯಾಬಿನಲ್ಲಿ ಎಷ್ಟು ದಿನದ ವಿರಾಮ, ಮಾದರಿ ಪೂರ್ತಿ ಸಿಕ್ಕಿತೇ, ಇತ್ತೀಚೆಗೆ ಜ್ವರ ಬಂದಿತ್ತೇ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಆ ಪ್ರಶ್ನೆಗಳನ್ನು ಕೇಳುವವರಿಲ್ಲ.

ಲ್ಯಾಬುಗಳೇನು ದೇವರ ಮಾತೇ ಎಂಬ ಪ್ರಶ್ನೆ ಇಲ್ಲಿ ಏಳಬೇಕು. ಅದು ನ್ಯಾಯವಾದ ಪ್ರಶ್ನೆ. ಒಂದೇ ಮಾದರಿಯನ್ನು ಹಲವು ಲ್ಯಾಬುಗಳಿಗೆ ಕಳಿಸಿ ನೋಡಿದ ಗುಣಮಟ್ಟದ ತಪಾಸಣೆಗಳಲ್ಲಿ ಉತ್ತರಗಳು ಚೆದುರಿದ್ದು ಹಲವು ದೇಶಗಳ ಅನುಭವ. ಕೈಪಿಡಿ ಕನಿಷ್ಠ 400 ವೀರ್ಯಾಣುಗಳನ್ನು, ಎರಡು ಪಾಲಿನಲ್ಲಿ ತಲಾ 200ರಂತೆ, ಎಣಿಸಬೇಕೆನ್ನುತ್ತದೆ. ಇದಕ್ಕೆ ಕಾರಣ ಅಂಕಿಶಾಸ್ತ್ರದ್ದು. 400 ಎಣಿಸಿದರೆ ಎಣಿಕೆಯಿಂದಷ್ಟೇ ಆಗುವ ಅನಿಶ್ಚಿತತೆ ಸುಮಾರು ಶೇ. 10 ಆಚೀಚೆ, 100 ಎಣಿಸಿದರೆ ಶೇ. 20. ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಮಾಡಿದ ಲ್ಯಾಬಿನಲ್ಲೂ ನಿಜವಾಗಿ 1.6 ಕೋಟಿ ಇರುವ ಮಾದರಿಗೆ 1.45 ಎಂದೋ 1.75 ಎಂದೋ ವರದಿ ಬರಬಹುದು. ನಮ್ಮಲ್ಲಿ ಬಹಳ ಕಡೆ ಎಣಿಕೆಗೆ ಬಳಸುವ ಮ್ಯಾಕ್ಲರ್ ಚೇಂಬರಿಗಿಂತ ನ್ಯೂಬಾರ್ ಚೇಂಬರ್ ಒಳ್ಳೆಯದೆಂದು ಕೈಪಿಡಿ ಹೇಳಿದರೂ, ಹೆಚ್ಚು ಸಮಯ ಹಿಡಿಯುವ ಆ ಎಣಿಕೆಗೆ ವ್ಯವಧಾನವಿಲ್ಲದ ಲ್ಯಾಬುಗಳಿವೆ. ಹತ್ತು ನಿಮಿಷದಲ್ಲಿ ಕೈಗಿಡುವ ವರದಿಯಲ್ಲಿ ಚಲನೆ ‘60, 50, 40’ ಎಂದು ದುಂಡಗಿನ ಅಂಕಿಗಳಲ್ಲೇ ಇದ್ದರೆ ಅನುಮಾನಿಸುವುದು ಸರಿ. ಆದರೆ ಈ ವಾದದಿಂದ ಕಿಟ್ಟಿಗೆ ಬಲ ಬರುವುದಿಲ್ಲ. ಕಿಟ್ಟಿನ ನಿಖರತೆಯನ್ನು ಅಳೆದಿರುವುದೇ ಲ್ಯಾಬಿಗೆ ಹೋಲಿಸಿ. ಅಳತೆಗೋಲು ಅಲುಗಿದರೆ ಅದರಿಂದ ಅಳೆದ ಶೇ. 96 ಕೂಡ ಅಲುಗುತ್ತದೆ. ಲ್ಯಾಬಿನ ತಪ್ಪನ್ನು ಹಿಡಿಯಲು ಎನ್‌ಎಬಿಎಲ್ ಮಾನ್ಯತೆ, ಹೊರಗಿನ ಗುಣಮಟ್ಟದ ತಪಾಸಣೆ, ಎರಡನೆಯ ಮಾದರಿ, ವೈದ್ಯರ ಪರಿಶೀಲನೆ ಎಂಬ ಹಲವು ದಾರಿಗಳಿವೆ. ಮನೆಯ ತಪ್ಪನ್ನು ಹಿಡಿಯಲು ಒಂದೂ ಇಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ. ಕಿಟ್ ಇಲ್ಲದಿದ್ದರೆ ಎಷ್ಟೋ ಗಂಡಸರು ಪರೀಕ್ಷೆಯನ್ನೇ ಮಾಡಿಸಿಕೊಳ್ಳುವುದಿಲ್ಲ. ಅಪೂರ್ಣ ಉತ್ತರವಾದರೂ ಉತ್ತರವಿಲ್ಲದ್ದಕ್ಕಿಂತ ಮೇಲಲ್ಲವೇ? ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಆದರೂ ನಮ್ಮ ಊರುಗಳಲ್ಲಿ ಸೊಸೆಯನ್ನು ಮೊದಲು ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಸ್ಕ್ಯಾನ್, ರಕ್ತಪರೀಕ್ಷೆ, ಗರ್ಭನಾಳದ ಎಕ್ಸ್‌ರೇ, ಕೆಲವೊಮ್ಮೆ ಲ್ಯಾಪರೊಸ್ಕೋಪಿಯವರೆಗೂ ಅವಳ ತಪಾಸಣೆ ನಡೆದ ಮೇಲೆ, ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಮಗನ ವೀರ್ಯ ಪರೀಕ್ಷೆಯ ಮಾತು ಬರುತ್ತದೆ. ಲ್ಯಾಬಿನ ಸಣ್ಣ ಕೋಣೆಯಲ್ಲಿ, ಹೊರಗೆ ಜನ ಕಾಯುತ್ತಿರುವಾಗ ಮಾದರಿ ಕೊಡಬೇಕಾದ ಮುಜುಗರವೂ ಸುಳ್ಳಲ್ಲ. ಈ ಹಠ, ಈ ಮುಜುಗರ ಮುರಿಯಲು ಕಿಟ್ ನೆರವಾದರೆ ಅದು ಸ್ವಾಗತಾರ್ಹ. ಆದರೆ ಅದು ನೆರವಾಗುವುದು ಉತ್ತರ ‘ಕಡಿಮೆ’ ಎಂದು ಬಂದು, ಅವನು ವೈದ್ಯರ ಬಳಿಗೆ ಹೋದಾಗ ಮಾತ್ರ. ‘ಸರಿಯಿದೆ’ ಎಂದು ಬಂದಾಗ ಅದು ಬಾಗಿಲು ಮುಚ್ಚುವ ಕಾಗದವಾಗುತ್ತದೆ: ನನ್ನಲ್ಲೇನೂ ತೊಂದರೆಯಿಲ್ಲ, ನೀನೇ ತೋರಿಸಿಕೋ. ಚಲನೆ ನೋಡದ, ಆಕಾರ ನೋಡದ, ಒಟ್ಟು ಸಂಖ್ಯೆ ನೋಡದ ಒಂದು ಗೆರೆಯ ಬಲದ ಮೇಲೆ ತಿಂಗಳುಗಳು ಕಳೆಯುತ್ತವೆ. ಹೆಂಡತಿಯ ವಯಸ್ಸು 35 ದಾಟಿದ್ದರೆ ಒಂದು ವರ್ಷ ಕಾಯದೆ ಆರು ತಿಂಗಳಿಗೇ ತಪಾಸಣೆ ಶುರುಮಾಡಬೇಕೆಂದೂ, ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೇ ಪರೀಕ್ಷಿಸಬೇಕೆಂದೂ ವೈದ್ಯಕೀಯ ಮಾರ್ಗಸೂಚಿಗಳು ಹೇಳುವುದು ಕಳೆದ ತಿಂಗಳು ಮರಳಿ ಬರುವುದಿಲ್ಲವೆಂದೇ. ಸುಳ್ಳು ಸಮಾಧಾನ ಪಡೆಯುವವನು ಗಂಡ, ಅದರ ಬೆಲೆ ತೆರುವವಳು ಹೆಂಡತಿ. ನಿಖರತೆಯ ಚರ್ಚೆಯಲ್ಲಿ ಎಲ್ಲ ತಪ್ಪುಗಳನ್ನೂ ಸಮನಾಗಿ ತೂಗಿ ಒಂದು ಶೇಕಡಾ ಮಾಡಿಬಿಡುವುದು ನನಗೆ ಒಪ್ಪಿಗೆಯಾಗದಿರುವುದು ಈ ಕಾರಣಕ್ಕೆ.

ಮುಜುಗರಕ್ಕೆ ಕಿಟ್ಟಿಗಿಂತ ಒಳ್ಳೆಯ ಪರಿಹಾರ ಮೊದಲಿಂದಲೂ ಇದೆ, ಅದನ್ನು ಹೇಳುವವರು ಕಡಿಮೆ. ಸಂಕೋಚ ಇರುವುದು ಮಾದರಿ ಕೊಡುವುದರಲ್ಲಿ. ಅದನ್ನು ಪರೀಕ್ಷಿಸುವುದರಲ್ಲಿ ಅಲ್ಲ. ಮಾದರಿಯನ್ನು ಮನೆಯಲ್ಲೇ ಹಿಡಿದು, ಲ್ಯಾಬ್ ಕೊಟ್ಟ ಅಗಲ ಬಾಯಿಯ ಡಬ್ಬಿಯನ್ನು ಅಂಗಿಯೊಳಗೆ ಮೈಗೆ ಹತ್ತಿರ ಇಟ್ಟುಕೊಂಡು, ತಣ್ಣಗಾಗದಂತೆ ಒಂದು ಗಂಟೆಯೊಳಗೆ ತಲುಪಿಸಿದರೆ ಪೂರ್ಣ ಪರೀಕ್ಷೆ ಸಾಧ್ಯ. ಕೈಪಿಡಿ ಇದಕ್ಕೆ ಅವಕಾಶ ಕೊಡುತ್ತದೆ. ತಾಲ್ಲೂಕು ಕೇಂದ್ರಕ್ಕೆ ಗಂಟೆಗೂ ಮೀರಿದ ದಾರಿಯಿರುವ ಮಲೆನಾಡಿನ ಊರುಗಳಿಗೆ ಇದು ಒದಗುವುದಿಲ್ಲ, ನಿಜ. ಅಮೆರಿಕದಲ್ಲಿ ಇದೇ ತೊಂದರೆಗೆ, ಮಾದರಿಯನ್ನು ಸಂರಕ್ಷಕ ದ್ರವದಲ್ಲಿಟ್ಟು ಅಂಚೆಯಲ್ಲಿ ಲ್ಯಾಬಿಗೆ ಕಳಿಸುವ ಸೇವೆಗಳು ಬಂದಿವೆ. ಅಲ್ಲಿ ಎಣಿಸುವವರು ತಜ್ಞರೇ ಆದ್ದರಿಂದ ಸಂಖ್ಯೆಯ ಮಟ್ಟಿಗೆ ಅವು ಪಟ್ಟಿಗಿಂತ ಎಷ್ಟೋ ಮೇಲು. ಚಲನೆಯನ್ನು ಮಾತ್ರ ದಾರಿಯಲ್ಲಿ ಕಳೆದ ಗಂಟೆಗಳನ್ನು ಲೆಕ್ಕಕ್ಕೆ ಹಿಡಿದು ಅಂದಾಜಿಸಬೇಕಾಗುತ್ತದೆ.

ಪಟ್ಟಿಯ ಸ್ವಭಾವಕ್ಕೂ ಪ್ರಶ್ನೆಯ ಸ್ವಭಾವಕ್ಕೂ ಹೊಂದಿಕೆಯಾಗುವ ಒಂದು ಜಾಗವಿದೆ: ಗಂಡಸರ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯ ನಂತರದ ಪರೀಕ್ಷೆ. ಅಲ್ಲಿ ಕೇಳುವುದು ವೀರ್ಯಾಣುಗಳು ಉಳಿದಿವೆಯೇ ಇಲ್ಲವೇ ಎಂದು. ಶಸ್ತ್ರಚಿಕಿತ್ಸೆಗೂ ಮುನ್ನ ಕೋಟಿಗಟ್ಟಲೆ ಇದ್ದದ್ದು ನಂತರ ಸೊನ್ನೆಗೆ ಇಳಿಯಬೇಕಾದದ್ದರಿಂದ, ಗರ್ಭಪರೀಕ್ಷೆಯಲ್ಲಿರುವಂಥ ಖಾಲಿ ಜಾಗ ಇಲ್ಲಿ ಸಾಕಷ್ಟಿದೆ. ನಾಳ ಕತ್ತರಿಸಿದ ಕೂಡಲೇ ವೀರ್ಯ ಶುದ್ಧವಾಗುವುದಿಲ್ಲ. ಮುಂದಿನ ನಾಳದಲ್ಲಿ ಉಳಿದವು ಹೊರಹೋಗಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಬೇರೆ ಗರ್ಭನಿರೋಧಕ ಬಳಸಿ, ಆಮೇಲೆ ವೀರ್ಯ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕೆಂದು ಭಾರತ ಸರ್ಕಾರದ ಮಾರ್ಗಸೂಚಿಯೂ ಹೇಳುತ್ತದೆ. ಶಸ್ತ್ರಚಿಕಿತ್ಸೆ ಆದ ಮೇಲೆ ಆ ಪರೀಕ್ಷೆಗೆ ಮರಳದ ಗಂಡಸರ ಸಮಸ್ಯೆ ಎಲ್ಲ ದೇಶಗಳಲ್ಲೂ ಇದೆ; ಅಂಥವರ ಕೈಗೆ ಪಟ್ಟಿಯೊಂದನ್ನು ಮೊದಲೇ ಕೊಟ್ಟು ಕಳಿಸುವುದು ವಿವೇಕದ ಕ್ರಮ. ಸ್ಪರ್ಮ್‌ಚೆಕ್ಕಿನ ಇನ್ನೊಂದು ರೂಪ ಇದಕ್ಕೆಂದೇ ಇದ್ದು, ಅದರ ಗೆರೆ ಮಿಲಿಲೀಟರಿಗೆ 2.5 ಲಕ್ಷ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2012ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ವೀರ್ಯಾಣು ಒಂದೂ ಇಲ್ಲದಿದ್ದರೆ ಅಥವಾ ಚಲಿಸದವು ಮಾತ್ರ ಇದ್ದು ಅವು ಮಿಲಿಲೀಟರಿಗೆ 1 ಲಕ್ಷ ಮೀರದಿದ್ದರೆ ಬೇರೆ ಗರ್ಭನಿರೋಧಕ ನಿಲ್ಲಿಸಬಹುದು ಎಂದಿದೆ. ಈ ಎರಡು ಸಂಖ್ಯೆಗಳ ನಡುವಿನ ಒಂದೂವರೆ ಲಕ್ಷವನ್ನೂ, ಉಳಿದವು ಚಲಿಸುತ್ತಿವೆಯೇ ಎಂಬ ಪ್ರಶ್ನೆಯನ್ನೂ ನೋಡಿಕೊಳ್ಳಲು ಇಲ್ಲಿಯೂ ಒಮ್ಮೆ ಸೂಕ್ಷ್ಮದರ್ಶಕದ ಕೆಳಗೆ ಮಾದರಿಯನ್ನು ಇಡಬೇಕಾಗುತ್ತದೆ.